ತೊಟ್ಟಿಯಲ್ಲಿಲ್ಲದ ಕೆಂಪು

ಭಾವಯ್ಯಾ,

ಇದನ್ನು ನನ್ನ ತಂಗಿಯ ಕೈಲಿ ಓದಿಸಿಕೊಳ್ಳಬೇಡ, ಒಬ್ಬನೇ ಕೂತು ಓದು. ನಿನ್ನೆ ಅವಳು ಆಸ್ಪತ್ರೆಗೆ ಬಂದಿದ್ದಳು. ಹೊರಡುವಾಗ ಬಾಗಿಲ ಹತ್ತಿರ ನಿಂತು, "ಅಣ್ಣಾ, ಇವರಿಗೂ ಒಂದಕ್ಕೆ ಕೆಂಪಗೆ ಹೋಗ್ತಿದೆ. ಕೇಳಿದ್ರೆ, ಬಣ್ಣ ಕಣೇ, ಸುಮ್ನಿರು ಅಂತ ರೇಗ್ತಾರೆ" ಎಂದು ಅತ್ತಳು. ಹಾಳಾದವನೇ, ಅದು ನನ್ನ ಮಾತು.

ಬಣ್ಣದ ತೊಟ್ಟಿಯ ಮುಂದೆ ತಲೆ ನರೆಸಿಕೊಂಡವರು ನಾವಿಬ್ಬರೂ. ಹಳದಿ ನೂಲು ಅದ್ದಿದ ದಿನ ಬೆವರೂ ಹಳದಿ, ಉಗುಳೂ ಹಳದಿ. ಕಾರ್ಖಾನೆಯ ಹಿಂದಿನ ಗೋಡೆಗೆ ನಿಂತು, "ಇವತ್ತು ಯಾವ ಬಣ್ಣ ಭಾವಯ್ಯ?" ಎಂದು ಕೇಳಿ ಬಿದ್ದು ಬಿದ್ದು ನಗುತ್ತಿದ್ದೆವು. ಕೆಂಪು ಕಂಡಾಗಲೂ ನನಗೆ ನಗುವೇ ಬಂತು. ನೋವಿಲ್ಲ, ಉರಿಯಿಲ್ಲ. ನಾಲ್ಕು ದಿನ ಕಂಡು ತಾನಾಗಿಯೇ ನಿಂತಿತು. ನಿಂತಿತಲ್ಲ, ಇನ್ನೇನು ಎಂದುಕೊಂಡೆ. ಮತ್ತೆ ಕಾಣಿಸುವ ಹೊತ್ತಿಗೆ ಕಾಲ ಮಿಂಚಿತ್ತು.

ಮೂತ್ರಕೋಶದ ಕ್ಯಾನ್ಸರ್ ಎಂದು ಡಾಕ್ಟರಮ್ಮ ಚಿತ್ರ ಬರೆದು ತಿಳಿಸಿದರು. ಕೆಲವು ಬಣ್ಣಗಳ ವಿಷ ಮೈಯೊಳಗೆ ಸೇರಿ, ಮೂತ್ರದಲ್ಲಿ ಇಳಿದು, ಅಲ್ಲೇ ನಿಂತು ಒಳಪೊರೆಯನ್ನು ಕೆಡಿಸುತ್ತದಂತೆ. ನಿನ್ನ ಸಿಗರೇಟೂ ಅದಕ್ಕೆ ಜೊತೆಗಾರ. ಬೇಗ ಹೋದರೆ ಮೂತ್ರದ ದಾರಿಯಲ್ಲೇ ಕ್ಯಾಮೆರಾ ಇರುವ ಸಣ್ಣ ಕೊಳವೆ ಹಾಕಿ ನೋಡುತ್ತಾರೆ. ಒಳಪೊರೆಯಲ್ಲಷ್ಟೇ ಇದ್ದರೆ ಅದೇ ದಾರಿಯಿಂದ ಕೆರೆದು ತೆಗೆದು, ವಾರಕ್ಕೊಮ್ಮೆ ಒಳಗೆ ಔಷಧಿ ತುಂಬುತ್ತಾರೆ. ಸ್ನಾಯುವಿಗೆ ಇಳಿದಿದ್ದರೆ ಹಲವರಿಗೆ ಮೂತ್ರಕೋಶವನ್ನೇ ತೆಗೆದು ಹೊಟ್ಟೆಯ ಮೇಲೆ ಚೀಲ ಕೂರಿಸಬೇಕಾಗುತ್ತದೆ. ಚೀಲ ಹೊತ್ತು ಓಡಾಡುವವರನ್ನು ಇಲ್ಲಿ ನೋಡಿ ಹೊಟ್ಟೆಕಿಚ್ಚು ಪಡುತ್ತೇನೆ. ನನ್ನದು ಮೂಳೆಗೆ ಹೋಗಿದೆ. ಈಗ ಹನಿಹನಿಯಾಗಿ ಏರಿಸುತ್ತಿರುವ ಔಷಧಿ ವಾಸಿ ಮಾಡಲಿಕ್ಕಲ್ಲ, "ಒಂದಿಷ್ಟು ದಿನ ದೂಡೋಕೆ ಅಷ್ಟೇ" ಎಂದು ಅವರೇ ಹೇಳಿದರು. ಹೆದರಿಕೆಯಾಗುತ್ತದೆ ಭಾವಯ್ಯ, ತುಂಬಾ ಹೆದರಿಕೆ.

ನೀನು ಹೋಗುವವನಲ್ಲ, ಗೊತ್ತು. ಕೊಳವೆ ಎಂದರೆ ಸಾಕು, ನಾಚಿಕೆಯಿಂದ ಮಾರು ದೂರ ಓಡುತ್ತೀಯ. ನನಗೂ ನಾಚಿಕೆಯಿತ್ತು. ಈಗ ನರ್ಸು ಬಂದು ಮೈ ಒರೆಸಿ, ಬಟ್ಟೆ ಬದಲಿಸಿ ಹೋಗುತ್ತಾಳೆ. ನಿನ್ನ ಕತ್ತಿನ ಪಟ್ಟಿ ಹಿಡಿದು ಎಳೆದೊಯ್ಯೋಣವೆಂದರೆ ಎದ್ದು ನಿಲ್ಲಲೂ ಕಾಲಲ್ಲಿ ತ್ರಾಣವಿಲ್ಲ.

ಅಳು ನಿಂತ ಮೇಲೆ ತಂಗಿ ಕಾರ್ಖಾನೆಯ ಸುದ್ದಿ ಹೇಳಿದಳು. ದೊಡ್ಡ ಆರ್ಡರ್ ಬಂದಿದೆಯಂತೆ, ತಿಂಗಳಿಂದ ಎಲ್ಲ ತೊಟ್ಟಿಗಳಲ್ಲೂ ನೀಲಿಯೇ ಅಂತೆ. ನಿನ್ನ ಅಂಗಿ ನೀಲಿ, ಉಗುರು ನೀಲಿ, ದಿಂಬೂ ನೀಲಿ.

ಹಾಗಾದರೆ ಈ ಕೆಂಪು ಎಲ್ಲಿಂದ ಬಂತು, ಭಾವಯ್ಯ?

ನನ್ನ ಆಯುಸ್ಸಿನಲ್ಲಿ ಉಳಿದದ್ದು ನಿನಗೆ ಸೇರಲಿ. ಅದೂ ಹೆಚ್ಚೇನಿಲ್ಲ.

ನಿನ್ನ ತೊಟ್ಟಿಯ ಜೊತೆಗಾರ,
ನಿನ್ನ ಹೆಂಡತಿಯ ಅಣ್ಣ