ಮದುವೆ ಪತ್ರಿಕೆಯ ಮೇಲಿನ ಕೈ

ಮಡಕಶಿರ
ಬುಧವಾರ, 12 ಫೆಬ್ರವರಿ 2025

ಗೋವರ್ಧನ ಬಾವನಿಗೆ,

ಮೊಟ್ಟೆ ಕಾಯುತ್ತಿದ್ದ ತಾಯಿ ಆಕ್ಟೋಪಸ್ಸನ್ನು ನೀನು ಕೋಲಿನಿಂದ ತಿವಿದು ಹೊರಗೆ ಓಡಿಸಿದೆ. ಆಗ ತೆಗೆದ ಫೋಟೋವನ್ನೇ ನಮ್ಮ ಮದುವೆ ಪತ್ರಿಕೆಯ ಮೇಲೆ ಅಚ್ಚು ಹಾಕಿಸಿದ್ದೀಯ. ಇದು ತಪ್ಪು. ಫೋನಿನಲ್ಲಿ ಹೇಳಿದರೆ "ಚಾಲೂ ಆತು ನೋಡು ನಿನ್ನ ಕರಪತ್ರ" ಎಂದು ನಗುತ್ತೀಯ. ಜಗಳವಾಡಲು ನನ್ನಲ್ಲಿ ಶಕ್ತಿ ಉಳಿದಿಲ್ಲ. ನಿಮ್ಮೂರು ರಾಯದುರ್ಗಕ್ಕೆ ಹೊರಟಿರುವ ವೆಂಕಟಪ್ಪಣ್ಣನ ಕೈಯಲ್ಲಿ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ.

ಮದುವೆಗೆ ಮುಂಚಿನ ಫೋಟೋವನ್ನು ಎಲ್ಲರೂ ಕೋಟೆಯ ಮೇಲೆ ತೆಗೆಸುತ್ತಾರೆ, ನಾವು ಸಮುದ್ರದೊಳಗೆ ತೆಗೆಯೋಣ ಎಂದವನು ನೀನು. ಸ್ಟುಡಿಯೋ ಇಟ್ಟುಕೊಂಡು ಊರವರ ಮದುವೆಗಳನ್ನೆಲ್ಲ ತೆಗೆಯುವವನಿಗೆ ಆ ಆಸೆ ಸಹಜ. ನಾನು ಒಪ್ಪಿದ್ದು ಫೋಟೋಗಾಗಿ ಅಲ್ಲ. ನಾನು ತರಿಸುವ ಪ್ರಾಣಿದಯೆಯ ಪುಸ್ತಿಕೆಗಳಲ್ಲಿ ಮಾತ್ರ ಓದಿದ್ದ ಜೀವಗಳನ್ನು ಒಮ್ಮೆ ಕಣ್ಣಾರೆ ನೋಡಬೇಕಿತ್ತು. ಮುರುಡೇಶ್ವರದಲ್ಲಿ ಹೆದರಿ ಗೈಡಿನ ಕೈ ಹಿಡಿದುಕೊಂಡೇ ದೋಣಿ ಹತ್ತಿದೆ. ನೀರಿಗಿಳಿದ ಮೇಲೆ ಹೆದರಿಕೆಯೇ ಮರೆತುಹೋಯಿತು. ನನ್ನ ಉಸಿರಿನ ಸದ್ದು, ಗಿಣಿಮೂತಿಯ ಮೀನು ಬಂಡೆ ಕಡಿಯುವ ಕಟಕಟ, ಅಷ್ಟೇ.

ಬಂಡೆಯ ಪೊಟರೆಯಲ್ಲಿ ಆ ಆಕ್ಟೋಪಸ್ ಕೂತಿದ್ದಳು. ಅವಳ ಹಿಂದೆ ಅಕ್ಕಿಕಾಳಿನಂಥ ಮೊಟ್ಟೆಗಳು ಎಳೆಎಳೆಯಾಗಿ ಜೋತಾಡುತ್ತಿದ್ದವು. ಮರಿಯಾಗುವವರೆಗೆ ಅವಳು ಏನೂ ತಿನ್ನುವುದಿಲ್ಲ, ಜಾಗ ಬಿಡುವುದಿಲ್ಲ, ಆಮೇಲೆ ಸಾಯುತ್ತಾಳೆ. ಹೋಗುವಾಗ ಬಸ್ಸಿನಲ್ಲಿ ನಾನೇ ಇದನ್ನು ನಿನಗೆ ಓದಿ ಹೇಳಿದ್ದೆ. ಏನನ್ನೂ ಮುಟ್ಟಬೇಡಿ ಎಂದು ಗೈಡ್ ಕೂಡ ಹೇಳಿದ್ದ. ಅವನು ನನ್ನ ಸಿಲಿಂಡರಿನ ಗಾಳಿ ನೋಡುತ್ತಿದ್ದಾಗ ನೀನು ಕ್ಯಾಮೆರಾದ ಕೋಲಿನಿಂದ ತಿವಿದೆ. ಅವಳು ಕೆಂಪಾದಳು, ಬಿಳಿಚಿಕೊಂಡಳು, ಎಂಟೂ ತೋಳು ಬಿಚ್ಚಿ ಹೊರಗೆ ಬಂದಳು. ನಾನು ಕಿರುಚಿದ್ದೆಲ್ಲ ಗುಳ್ಳೆಯಾಗಿ ಮೇಲೆ ಹೋಯಿತು. ನೀನು ಒಂದರ ಹಿಂದೊಂದು ಕ್ಲಿಕ್ಕಿಸುತ್ತಲೇ ಇದ್ದೆ.

ತಿಳಿಯದವನು ಮಾಡಿದ್ದರೆ ಸುಮ್ಮನಿರುತ್ತಿದ್ದೆ. ಚಿಕ್ಕಂದಿನಲ್ಲಿ ರಜೆಗೆ ಬಂದಾಗಲೆಲ್ಲ ನೀನು ಕಾಲು ತೊಳೆದುಕೊಂಡೇ ನಮ್ಮ ಹುಳದ ಮನೆಯೊಳಗೆ ಬಂದವನು. ರೇಷ್ಮೆಹುಳ ಪೊರೆ ಬಿಡಲು ತಲೆಯೆತ್ತಿ ಅಲುಗದೆ ಕೂರುವುದಕ್ಕೆ ನಾವು ಜ್ವರ ಎನ್ನುತ್ತೇವೆ. ಆಗ ಸೊಪ್ಪು ಹಾಕುವಂತಿಲ್ಲ, ತಟ್ಟೆ ಅಲುಗಿಸುವಂತಿಲ್ಲ. ನೀನು ಬೆರಳು ಚಾಚಿದರೆ ನಿನ್ನಮ್ಮನೇ, ನಮ್ಮ ಓಬಮ್ಮತ್ತೆಯೇ, ಕೈಗೆ ಬಾರಿಸಿ "ಮುಟ್ಟಬ್ಯಾಡಲೇ, ಜ್ವರಕ್ಕ ಕೂತಾವ" ಎಂದು ಗದರುತ್ತಿದ್ದಳು. ಅಷ್ಟು ತಿಳಿದ ಕೈ ನೀರಿನೊಳಗೆ ಯಾಕೆ ಮರೆಯಿತು?

ಸೋಮವಾರ ಅತ್ತೆ ಪತ್ರಿಕೆ ತಂದು ತೋರಿಸಿದಳು. ಆಕ್ಟೋಪಸ್ಸಿನ ಹಿಂದೆ, ಮೂಲೆಯಲ್ಲಿ, ಬೆರಳು ಅಗಲಿಸಿದ ನನ್ನ ಕೈ ಇದೆಯಲ್ಲ. "ನೋಡ್ರಿ ನನ್ನ ಸೊಸಿನ, ನೀರಾಗೂ ಉಂಗುರ ತೋರ್ಸ್ಯಾಳ!" ಎಂದು ಬೀಗಿದಳು. ಮನೆಯವರೆಲ್ಲ ನಕ್ಕರು. ಅವಳು ಹೋದ ಮೇಲೆ ನಾನು, ಇದನ್ನು ಹಂಚಿದರೆ ಹಸೆಮಣೆಗೆ ಕೂರುವುದಿಲ್ಲ ಎಂದೆ. "ಸಮುದ್ರದ ಹುಳಕ್ಕೋಸ್ಕರ ಮದ್ವೆ ಬಿಡ್ತಾರೇನಮ್ಮಿ? ಆ ಪುಸ್ತ್ಕಗಳ್ನೆಲ್ಲ ಒಲೆಗಿಕ್ತೀನಿ ತಡಿ" ಎಂದಳು ಅಮ್ಮ. ಎಲ್ಲರಿಗೂ ಉತ್ತರ ಕೊಟ್ಟು ಕೊಟ್ಟು ಸಾಕಾಗಿದೆ, ಬಾವ.

ಆ ಪತ್ರಿಕೆಯನ್ನು ಹಂಚಬೇಡ. ಬರಿಯ ಹಾಳೆಯ ಮೇಲೆ ನಮ್ಮಿಬ್ಬರ ಹೆಸರಿದ್ದರೆ ಸಾಕು. ಸ್ಟುಡಿಯೋ ಮುಂದೆ ಅದೇ ಫೋಟೋ ಹಾಕಿ ಕಟ್ಟಿರುವ ಫ್ಲೆಕ್ಸನ್ನೂ ಇಳಿಸು. ಆಗದಿದ್ದರೆ ಮದುವೆ ಬೇಡ. ಬೆದರಿಸುತ್ತಿಲ್ಲ. ನಾಳೆ ನಾನು ಒಂದು ಮೂಲೆಯಲ್ಲಿ ಸುಮ್ಮನೆ ಕೂತಿದ್ದರೆ, ನಿನಗೆ ಚೆನ್ನಾಗಿ ಕಾಣಲೆಂದು ನನ್ನನ್ನೂ ತಿವಿಯುತ್ತೀಯೇನೋ ಎಂಬ ಅನುಮಾನ ಹೊತ್ತು ಬದುಕಲು ನನ್ನಿಂದಾಗದು.

ಇಂತಿ
ಸೌಮ್ಯ

ಮತ್ತೆ: ಇದನ್ನು ಯಾರಿಗೂ ಹೇಳಿಲ್ಲ. ಆ ಕೈ ಉಂಗುರ ತೋರಿಸುತ್ತಿರಲಿಲ್ಲ. ಮೊಟ್ಟೆ ತಿನ್ನಲು ಹಳದಿ ಮೀನುಗಳು ಆಗಲೇ ಮುತ್ತಿಕೊಂಡಿದ್ದವು, ಪೊಟರೆಯ ಬಾಯಿಗೆ ಅಂಗೈ ಅಡ್ಡ ಹಿಡಿದಿದ್ದೆ. ನೀನು ಅವಳ ಹಿಂದೆ ಈಜಿಹೋದೆ. ಗಾಳಿ ಮುಗಿಯುತ್ತಿದೆಯೆಂದು ಗೈಡ್ ನನ್ನನ್ನು ಎಳೆದುಕೊಂಡ. ಕೈ ತೆಗೆದದ್ದೇ ತಡ, ಅವು ಒಳಗೆ ನುಗ್ಗಿದವು. ಅವಳು ಹಿಂತಿರುಗಿದಳೋ ಇಲ್ಲವೋ ಗೊತ್ತಿಲ್ಲ.

ನೀನು ತೊಡಿಸಿದ ಉಂಗುರ ಇನ್ನೂ ಬೆರಳಲ್ಲೇ ಇದೆ. ಈ ವಾರದ ಕೊನೆಗೆ ಹುಳ ಮೂರನೇ ಜ್ವರಕ್ಕೆ ಕೂರುತ್ತವೆ. ಕ್ಯಾಮೆರಾ ಬಿಟ್ಟು ಬಾ. ಕಾಲು ತೊಳೆದುಕೊಂಡು ನನ್ನ ಪಕ್ಕದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕು, ಅಷ್ಟೇ. ಹುಳದ ಮನೆಯ ಬಾಗಿಲಲ್ಲಿ ಕಾದಿರುತ್ತೇನೆ, ಹದಿನಾರನೇ ತಾರೀಖು, ಭಾನುವಾರ, ಬೆಳಿಗ್ಗೆ ಹತ್ತು ಗಂಟೆಗೆ.