ಬಣ್ಣ ಬಳಿದ ಕಲ್ಲಿದ್ದಲು

ನವೆಂಬರ್ 9, ಶನಿವಾರ. ಬಾರ್ನ್ಸ್‌ಲಿ.

ನೆವಿಲ್‌ನ ಕೆನ್ನೆಗೆ ಬಾರಿಸಬೇಕಿತ್ತು. ಬಾರಿಸಲಿಲ್ಲ. ಎಲ್ಲರ ಜೊತೆ ಚಪ್ಪಾಳೆ ತಟ್ಟಿ ಬಂದೆ.

ತಾನು ದುಡಿಯುತ್ತಿದ್ದ ಗಣಿ ಮುಚ್ಚಿದ ದಿನ ಅಪ್ಪ ಜೇಬಿನಲ್ಲಿಟ್ಟುಕೊಂಡು ಬಂದಿದ್ದ ಕಲ್ಲಿದ್ದಲಿನ ತುಂಡೊಂದಿತ್ತು. ಅಪ್ಪ ತೀರಿಕೊಂಡ ಮೇಲೆ ಅದನ್ನು ಸುತ್ತಿಗೆಯಲ್ಲಿ ಕುಟ್ಟಿ, ಟೀ ಸೋಸುವ ಜರಡಿಯಲ್ಲಿ ಜಾಲಿಸಿ, ನಾನೇ ಮಾಡಿದ ಬೆರಳುದ್ದದ ಗೂಡ್ಸ್ ವ್ಯಾಗನ್‌ಗಳಲ್ಲಿ ತುಂಬಿ ಅಂಟಿಸಿದ್ದೆ. ನಮ್ಮ ಮಾದರಿ ರೈಲು ಕ್ಲಬ್ಬಿನ ಪ್ರದರ್ಶನದಲ್ಲಿ ಜೋಡಿಸಲು ನಿನ್ನೆ ಕ್ಲಬ್ಬಿನ ಜೊತೆಗಾರ ನೆವಿಲ್ ಕೈಗೆ ಕೊಟ್ಟೆ. ಇವತ್ತು ಹೋಗಿ ನೋಡಿದರೆ ಅಷ್ಟಕ್ಕೂ ಕಪ್ಪು ಬಣ್ಣ ಬಳಿದಿದ್ದಾನೆ!

"ಇಷ್ಟು ಪುಟ್ಟ ವ್ಯಾಗನ್‌ನಲ್ಲಿ ಅದು ಹಂಗೆ ಮಿಂಚಿದ್ರೆ ಜನ ಗಾಜಿನ ಚೂರು ಅಂದ್ಕೋತಾರೆ ಕಣೋ. ಈಗ ನೋಡು, ನಿಜವಾದ ಕಲ್ಲಿದ್ದಲಿನ ಥರಾನೇ ಇದೆ."

"ಅದು ನಿಜವಾದ ಕಲ್ಲಿದ್ದಲೇ, ನೆವಿಲ್."

"ಆಗಿದ್ರೆ ಸಾಕಾ? ಕಾಣ್ಬೇಕಲ್ಲ!"

ಮೊದಲ ಬಹುಮಾನ ಬಂತು. ತೀರ್ಪುಗಾರರು ಹೊಗಳಿದ್ದೂ ಅದನ್ನೇ, ಕಲ್ಲಿದ್ದಲು ಎಷ್ಟು ಸಹಜವಾಗಿದೆ ಎಂದು.

ವ್ಯಾಗನ್‌ಗಳನ್ನು ಡಬ್ಬಿಗೆ ತುಂಬುವಾಗ ಆ ಬಣ್ಣ ಬೆರಳಿಗೆ ಹತ್ತಿತು. ಅಪ್ಪ ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯ ಕಪ್ಪು ಸಾಯುವವರೆಗೂ ಹೋಗಲಿಲ್ಲ. ನನ್ನದು ಒಂದು ಸಲ ಸೋಪು ಹಚ್ಚಿದ್ದಕ್ಕೇ ಹೋಗಿಬಿಟ್ಟಿತು.