ಲೋಟದ ತಳದ ಬಿಳಿ ಪುಡಿ

ಜೂನ್ 11, ಬೆಳಗ್ಗೆ

ಎಂದಿನಂತೆ ಅಕ್ಕನಿಗೆ ಪೇಪರ್ ಓದಿ ಹೇಳಿದೆ. ಅವಳು ಹೊಲಿಗೆ ಯಂತ್ರದ ಮುಂದೆ, ನಾನು ಕಿಟಕಿಯ ಪಕ್ಕ. ರೇಡಿಯೊದಲ್ಲಿ ವಾರ್ತೆ ಓದುವ ಕೆಲಸ ಮುಗಿದು ವರ್ಷವಾಯಿತು. ಈಗ ಕೇಳಲು ಉಳಿದಿರುವವಳು ಇವಳೊಬ್ಬಳೇ. ಇವತ್ತು ಒಳಪುಟದಲ್ಲಿ ಒಂದು ಆಣಿಮುತ್ತು. ಸಕ್ಕರೆ ಕಾಯಿಲೆಯ ಹಳೆಯ ಮಾತ್ರೆ ನುಂಗುವವರು ಕಾಯಿಲೆಯೇ ಇಲ್ಲದವರಿಗಿಂತ ಹೆಚ್ಚು ಕಾಲ ಬದುಕುತ್ತಾರಂತೆ! ಗೇಲಿ ಮಾಡಬೇಕೆಂದೇ ವಾರ್ತೆಯ ದನಿಯಲ್ಲಿ, ಗಂಭೀರವಾಗಿ ಓದಿದೆ.

ಅಕ್ಕ ಪೆಡಲ್ ನಿಲ್ಲಿಸಿದಳು. "ನಾನು ತಗೊಳ್ಳೋ ಮಾತ್ರೇನಾ?"

"ಅದೇ."

"ಕಾಯಿಲೆ ಇಲ್ದೋರು ತಗೊಂಡ್ರೂ ಆಯಸ್ಸು ಜಾಸ್ತಿಯಾಗುತ್ತಂತಾ?"

"ಹಾಗಂತ ಬರೆದಿದ್ದಾನೆ ಪುಣ್ಯಾತ್ಮ. ಕೇಳಿಲ್ಲಿ—"

ಕುಕ್ಕರ್ ಕೂಗಿತು. ಎದ್ದು ಹೋದಳು. ಉಳಿದದ್ದನ್ನು ಗೋಡೆಗೆ ಓದಿದೆ: ಮಾತ್ರೆ ಸಾಲದೆ ಇನ್ಸುಲಿನ್‌ಗೆ ಹೋದವರನ್ನು ಲೆಕ್ಕದಿಂದಲೇ ಕೈಬಿಟ್ಟಿದ್ದರು. ಆಮೇಲೆ ಬೇರೆಯವರು ಹುಡುಕಿದಾಗ ಆ ಲಾಭ ಕಾಣಲಿಲ್ಲ. ಇದೆಲ್ಲ ಕೊನೆಯ ಪ್ಯಾರಾದಲ್ಲಿ, ಯಾರೂ ತಲುಪದ ಜಾಗದಲ್ಲಿ. ಹಿಂದೆ ವಿಟಮಿನ್ ಗುಳಿಗೆಗೂ ಹೀಗೇ ಡಂಗುರ ಹೊಡೆದಿದ್ದರು. ಯಾರಿಗೂ ನೆನಪಿಲ್ಲ. ನನಗಿದೆ.

ಜುಲೈ 2

ಕಾಫಿ ಕಹಿ. ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಹೊಟ್ಟೆ ಹದಗೆಟ್ಟು ವಾರವಾಯಿತು. ಲೋಟದ ತಳದಲ್ಲಿ ಬಿಳಿ ಪುಡಿ. ಅಕ್ಕನಿಗೆ ತೋರಿಸಿದೆ.

"ನೀರಿಂದು ಕಣೋ," ಅಂದಳು.

ನೀರೇ. ಹೊಸ ಪೈಪಿಗೆಂದು ರಸ್ತೆ ಅಗೆದು, ಅರ್ಧ ಮುಚ್ಚಿ ಹೋದರಲ್ಲ... ಬಿಡುವುದಿಲ್ಲ.

ಜುಲೈ 9

ನೀರು ಸರಬರಾಜು ಕಚೇರಿ. ನಲ್ಲಿ ನೀರನ್ನು ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗಿದ್ದೆ. ಗುಮಾಸ್ತ ಬೆಳಕಿಗೆ ಹಿಡಿದ. "ಚೆನ್ನಾಗೇ ಇದೆಯಲ್ಲ ಸಾರ್."

"ಕುಡಿದು ಹೇಳಿ."

ಕುಡಿದೇಬಿಟ್ಟ! ಬಾಯಿ ಒರೆಸಿಕೊಂಡು, "ನಿಮ್ಮ ದನಿ ಎಲ್ಲೋ ಕೇಳಿದೀನಲ್ಲ ಸಾರ್," ಅಂದ. ಹೇಳಿದೆ.

"ಅಯ್ಯೋ, ನೀವಾ! ಬೇರೆ ಯಾರು ಏನೇ ಹೇಳ್ಲಿ, ನೀವು ಓದಿದ್ಮೇಲೇನೇ ನಮ್ಮಪ್ಪ ನಂಬ್ತಾ ಇದ್ದಿದ್ದು."

ನಾಚಿಕೆಯಿಲ್ಲದೆ ಹಿಗ್ಗಿದೆ. ದೂರು ಮಾತ್ರ ತೆಗೆದುಕೊಳ್ಳಲಿಲ್ಲ.

ಸೆಪ್ಟೆಂಬರ್ 6

ಅಕ್ಕ ಕುಂಟುತ್ತಿದ್ದಾಳೆ. ಕೂರಿಸಿ ಪಾದ ಎತ್ತಿ ನೋಡಿದೆ. ಹೆಬ್ಬೆರಳ ಬುಡದಲ್ಲಿ ಗುಂಡುಸೂಜಿ ಹೊಕ್ಕಿದೆ. ಎಂದು ಹೊಕ್ಕಿತೋ ಅವಳಿಗೇ ಗೊತ್ತಿಲ್ಲ. ಸುತ್ತ ಕಪ್ಪು, ಕೆಟ್ಟ ವಾಸನೆ.

"ನೋವೇ ಇಲ್ಲ ಪುಟ್ಟಾ, ಸುಮ್ನಿರು."

ಐವತ್ತೊಂಬತ್ತರ ಪುಟ್ಟ. "ಮಾತ್ರೆ ತಪ್ಪಿಸ್ತಾ ಇದೀಯಾ?" ಎಂದೆ. ಮಾತ್ರೆಗಳ ಖಾಲಿ ಪಟ್ಟಿಗಳನ್ನು ಮುಂದೆ ಚೆಲ್ಲಿದಳು. ಒಂದೂ ಉಳಿದಿಲ್ಲ. ಹಾಗಾದರೆ ಮಾತ್ರೆಯೇ ಖೋಟಾ! ನೇರ ಔಷಧದಂಗಡಿಗೆ ನುಗ್ಗಿದೆ.

"ಸುಣ್ಣ ತುಂಬಿ ಮಾರ್ತೀರೇನ್ರೀ?"

"ನಮ್ಮಮ್ಮನೂ ಇದನ್ನೇ ನುಂಗೋದು ಸಾರ್. ಹೆತ್ತ ತಾಯಿಗೆ ಸುಣ್ಣ ಕೊಡ್ತೀನಾ?"

ಅಂಗಡಿಯಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು.

ಸೆಪ್ಟೆಂಬರ್ 10, ಮಧ್ಯಾಹ್ನ

ಆಸ್ಪತ್ರೆಯಿಂದ ಈಗ ಬಂದೆ. ಅಕ್ಕನನ್ನು ಅಲ್ಲೇ ಇರಿಸಿಕೊಂಡಿದ್ದಾರೆ. ಎಲ್ಲವನ್ನೂ ಬರೆದಿಡಬೇಕು.

ಮೂರು ತಿಂಗಳ ಸರಾಸರಿ ಸಕ್ಕರೆ ಬಹಳ ಏರಿದೆ ಎಂದರು ಡಾಕ್ಟರಮ್ಮ. ಶುರು ಮಾಡಿದೆ: ಖೋಟಾ ಮಾತ್ರೆ, ಹಾಳು ನೀರು, ನನ್ನ ಹೊಟ್ಟೆ, ಬಾಯಲ್ಲಿ ಕಬ್ಬಿಣದ ರುಚಿ. ಅವರು ಪೆನ್ನು ಕೆಳಗಿಟ್ಟರು.

"ನೀವೂ ಶುಗರ್ ಮಾತ್ರೆ ತಗೋತೀರಾ?"

"ನನಗೆ ಕಾಯಿಲೇನೇ ಇಲ್ಲ."

ಅಕ್ಕನ ಕಡೆ ತಿರುಗಿದರು. ಅಕ್ಕ ಕೈಚೀಲದ ದಾರ ಸುತ್ತುತ್ತ ಕೂತಿದ್ದಳು. "ಬೆಳಗ್ಗೇದು ಇವನಿಗೆ. ಪುಡಿ ಮಾಡಿ ಕಾಫೀಲಿ ಹಾಕ್ತಿದ್ದೆ. ರಾತ್ರೀದು ನಾನು ತಗೋತಿದ್ದೆ."

"ಯಾಕಕ್ಕಾ?"

"ಅಪ್ಪ ಐವತ್ತೇಳಕ್ಕೆ ಹೋದ್ರು. ಅಣ್ಣ ಐವತ್ತೆಂಟಕ್ಕೆ. ನಮ್ಮನೇಲಿ ಯಾವ ಗಂಡಸು ಅರವತ್ತು ನೋಡಿದಾನೆ ಹೇಳು? ನೀನೇ ಓದಿದ್ಯಲ್ಲ, ಆಯಸ್ಸು ಜಾಸ್ತಿಯಾಗುತ್ತೆ ಅಂತ."

"ಅದು ಸುಳ್ಳು ಅಂತ ಹೇಳೋಕೇ ಓದಿದ್ದು!"

"ವಾರ್ತೆ ಓದೋ ಹಾಗೇ ಓದಿದೆ ಕಣೋ."

ಡಾಕ್ಟರಮ್ಮ ಬಯ್ಯಲಿಲ್ಲ. ಪಾದದ ಸ್ಪರ್ಶ ಮೊದಲೇ ಹೋಗಿತ್ತಂತೆ, ಸೂಜಿ ಹೇಗೂ ಚುಚ್ಚುತ್ತಿತ್ತಂತೆ. ಗಾಯ ಮಾಯದಂತೆ ಮಾಡಿದ್ದು ಏರಿದ ಸಕ್ಕರೆ. ಬಯ್ದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 19

ಹೆಬ್ಬೆರಳು ತೆಗೆದರು. ಮಂಪರಿನಲ್ಲೇ ಅಕ್ಕ ಅಂದಳು, "ಒಂದ್ ಬೆರಳು ತಾನೇ? ಪೆಡಲ್ ತುಳಿಯೋಕೆ ಉಳಿದಿದ್ದು ಸಾಕು."

ರೇಡಿಯೊದಲ್ಲಿ ಒಂದು ನಿಯಮವಿತ್ತು. ಸುದ್ದಿಯನ್ನೂ ಅದರ ಅಲ್ಲಗಳೆಯುವಿಕೆಯನ್ನೂ ಒಂದೇ ಉಸಿರಿಗೆ ಓದಬೇಕು. ಕೇಳುವವರು ನಡುವೆ ಎದ್ದು ಹೋಗಬಹುದು. ಹೊಸಬರಿಗೆಲ್ಲ ಇದನ್ನು ಕಲಿಸಿದವನು ನಾನೇ. ಪತ್ರಿಕೆಗೆ ಕಟುವಾದ ಪತ್ರ ಬರೆಯಲು ಕೂತಿದ್ದೆ. "ಮಾನ್ಯರೇ" ಎಂಬಲ್ಲಿಗೆ ಪೆನ್ನು ನಿಂತಿತು.

ಅಕ್ಟೋಬರ್ 3, ಬೆಳಗ್ಗೆ 7

ಇವತ್ತಿಗೆ ಅರವತ್ತು ತುಂಬಿತು. ಮನೆಗೆ ಬಂದು ನಾಲ್ಕು ದಿನವಾದ ಅಕ್ಕ ಗೋಡೆ ಹಿಡಿದುಕೊಂಡು ನನ್ನ ಹಾಸಿಗೆಯವರೆಗೂ ಬಂದಿದ್ದಳು. ಮೂಗಿನ ಹತ್ತಿರ ಕೈ ಹಿಡಿದಳು. ಕಣ್ಣು ಮುಚ್ಚಿಕೊಂಡೇ ಇದ್ದೆ. "ಗೆದ್ದೆ," ಅಂದಳು, ಮೆಲ್ಲಗೆ, ತನಗೆ ತಾನೇ.

ಎದ್ದು ಕಾಫಿ ಮಾಡಿದೆ. ಈಗ ಅದು ನನ್ನ ಕೆಲಸ. ಮಾತ್ರೆ ಎದುರಿಗೇ ನುಂಗಿಸಿದೆ. ಚಿಕ್ಕ ಮಗುವಿನ ಹಾಗೆ ಬಾಯಿ ತೆರೆದು, ನಾಲಿಗೆ ಎತ್ತಿ ತೋರಿಸಿದಳು.

ಸಂಜೆ 7

ಗಾಯದ ಅಂಚು ಮತ್ತೆ ಕಪ್ಪಾಗಿತ್ತು, ಮೊನ್ನೆ ತೋರಿಸಿ ಬಂದಿದ್ದೆವು. ರಿಪೋರ್ಟ್ ಇವತ್ತು ಕೈಗೆ ಬಂತು. ದಾರಿಯಲ್ಲೇ, ದೀಪದ ಕಂಬದ ಕೆಳಗೆ ನಿಂತು ಕೊನೆಯ ಸಾಲು ಓದಿಕೊಂಡೆ.

ಒಳಗಿನಿಂದ ಕರೆಯುತ್ತಿದ್ದಾಳೆ. "ಬಾರೋ, ಓದಿ ಹೇಳು. ಅರ್ಧಕ್ಕೆ ನಿಲ್ಲಿಸ್ಬೇಡ. ಪೂರ್ತಿ ಓದು."

ಕುಕ್ಕರ್ ಇಟ್ಟಿಲ್ಲ. ಯಂತ್ರವೂ ನಿಂತಿದೆ. ದನಿ ಸರಿಮಾಡಿಕೊಂಡೆ. ಇವತ್ತು ಕೊನೆಯ ಸಾಲಿನಿಂದಲೇ ಶುರು ಮಾಡಬೇಕು. ಪಾದ ಉಳಿಸಲಾಗದು, ಕಣಕಾಲಿನ—